ಎಡಿನ್‌ಬರೋದಲ್ಲಿ ಕಂಡ ಪೇಟೆ ಬೀದಿ

ದೊಡ್ಡಬಳ್ಳಾಪುರ ಬಿಟ್ಟಿದ್ದು

ಸ್ಕಾಟ್ಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಅಲ್ಲಿ ನಿಮ್ಮವರು ಯಾರಿದ್ದಾರೆ ಎಂದು. ನನ್ನವರು ಯಾರೂ ಇಲ್ಲ. ನಾನು ಹೋದದ್ದು ಒಂದು ಪೆಟ್ಟಿಗೆ ಫೋಟೋ ತರಲು. ತರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಸಿಕ್ಕೀತೇನೋ ಎಂದು ಯಾರೂ ಆಸೆ ಇಟ್ಟುಕೊಂಡು ಓದುವುದು ಬೇಡ.

ದೊಡ್ಡಬಳ್ಳಾಪುರದಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜು ಕುಯ್ಯುವುದನ್ನು ನನಗೆ ಯಾರೂ ಕಲಿಸಲಿಲ್ಲ, ಕೈ ಕುಯ್ದುಕೊಂಡೇ ಕಲಿತೆ. ಹಳೆಯ ಮನೆ ಕೆಡವುತ್ತಾರೆ ಎಂದು ಕಿವಿಗೆ ಬಿದ್ದರೆ ಅಲ್ಲಿಗೆ ಹೋಗಿ ಗೋಡೆಯ ಮೇಲಿನ ಪಟಗಳನ್ನೆಲ್ಲ ಒಟ್ಟಿಗೆ ಮಾತಾಡಿ ಎತ್ತಿಕೊಂಡು ಬರುತ್ತಿದ್ದೆ. ತೇಗದ ಕಟ್ಟುಗಳು ದೇವನಹಳ್ಳಿ ಕಡೆಯ ರೆಸಾರ್ಟುಗಳಿಗೆ ಹೋಗುತ್ತಿದ್ದವು. ಒಳಗಿನ ಚಿತ್ರಗಳಿಗೂ ಗಿರಾಕಿ ಇದ್ದರು. ದೇವರಿಗೆ ಇದ್ದರು, ಮಹಾರಾಜರಿಗೆ ಇದ್ದರು, ಯಾರದೋ ಮದುವೆ ಗುಂಪಿಗೂ ಇದ್ದರು. ಗಿರಾಕಿ ಇಲ್ಲದ್ದು ಬೀದಿಯ ಫೋಟೋಗಳಿಗೆ ಮಾತ್ರ. ಅವು ನನ್ನಲ್ಲೇ ಉಳಿದವು. ಉಳಿದದ್ದನ್ನು ದಿನಾ ನೋಡಿ ನೋಡಿ ನನಗೆ ಅದರ ಹುಚ್ಚು ಹತ್ತಿತು. ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೀದಿ ಬಿಟ್ಟು ಬೇರೆ ಏನೂ ಇಲ್ಲ.

ಅವುಗಳಲ್ಲಿ ಒಂದು ಬೆಂಗಳೂರು ಪೇಟೆಯ ಬೀದಿ. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ಬಂಗಲೆ ಒಡೆಯುವಾಗ ಸಿಕ್ಕಿದ್ದು. ನೂರು ವರ್ಷದ ಹಿಂದೆ ಕೆಲವರು ಫೋಟೋವನ್ನು ಚಿತ್ರ ಬರೆದ ಹಾಗೆ ಮಾಡುತ್ತಿದ್ದರು. ಕಾಗದಕ್ಕೆ ತಾವೇ ಗೋಂದು, ಬಣ್ಣ ಬಳಿದು, ಬಿಸಿಲಿಗೆ ಒಡ್ಡಿ, ನೀರಿನಲ್ಲಿ ತೊಳೆದು ತೆಗೆಯುತ್ತಿದ್ದರು. ಇದ್ದಿಲಿನಲ್ಲಿ ಬರೆದ ಹಾಗೆ ಮೆತ್ತಗೆ ಕಾಣುತ್ತದೆ. ಅಂಥದ್ದು ಒಂದೊಂದೇ ಇರುತ್ತದೆ, ಒಂದರ ಹಾಗೆ ಇನ್ನೊಂದು ಬರುವುದಿಲ್ಲ. ನನ್ನ ಚಿತ್ರದಲ್ಲಿ ಮಳೆ ನಿಂತ ಬೀದಿ, ಒಂದು ಜಟಕಾ, ನೆನೆದ ಗೋಡೆ, ಅಷ್ಟೇ. ಮೂಲೆಯಲ್ಲಿ ಪೆನ್ಸಿಲಿನ ಸಹಿ. ಆ ಸಹಿಯ ಬೆನ್ನು ಹತ್ತಿದ್ದು ಸುಶೀಲಕ್ಕ.

ಸುಶೀಲಕ್ಕ ನನ್ನ ಗಂಡನ ಅಕ್ಕ. ಜಡಿಗೇನಹಳ್ಳಿಯಲ್ಲಿ ಇಂಗ್ಲಿಷ್ ಮೇಡಂ ಆಗಿದ್ದು ನಿವೃತ್ತರಾದವರು. ನನ್ನ ಇಂಗ್ಲಿಷು ಸೈಜು, ಗ್ಲಾಸು, ಬೀಡಿಂಗು ದಾಟುವುದಿಲ್ಲ. ಅವರು ಅಲ್ಲಿ ಇಲ್ಲಿ ಮೇಲ್ ಬರೆದು, ಆ ಚಿತ್ರ ತೆಗೆದವರ ಮೊಮ್ಮಗಳು ಎಡಿನ್‌ಬರೋದಲ್ಲಿ ಇದ್ದಾರೆಂದು ಪತ್ತೆ ಮಾಡಿದರು. ಹೆಸರು ಮಾರ್ಗರೆಟ್, ವಯಸ್ಸಾದವರು. ಅವರಿಂದ ಉತ್ತರ ಬಂತು. ಅಜ್ಜ ಬೆಂಗಳೂರಿನಲ್ಲಿ ತೆಗೆದ ಬೀದಿಗಳು ಒಂದು ಪೆಟ್ಟಿಗೆ ತುಂಬ ಇವೆ, ತಾನು ಮನೆ ಖಾಲಿ ಮಾಡಿ ವೃದ್ಧರ ವಸತಿಯ ಒಂದೇ ಕೋಣೆಗೆ ಹೋಗುತ್ತಿದ್ದೇನೆ, ಈ ಚಿತ್ರಗಳು ಕೆಟ್ಟವು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ತನಗೆ ತಿಳಿಯುವುದಿಲ್ಲ, ಆ ಊರಿನವರೇ ಬಂದು ನೋಡಲಿ. ಒಳ್ಳೆಯವಾಗಿದ್ದರೆ ಆ ಊರಿಗೇ ಹೋಗಲಿ. ಅಲ್ಲವಾದರೆ ಮಿಕ್ಕ ಸಾಮಾನಿನ ಜೊತೆ ದಾನಕ್ಕೆ ಕೊಟ್ಟುಬಿಡುತ್ತೇನೆ ಎಂದು.

ಇದನ್ನು ಸುಶೀಲಕ್ಕ ಓದಿ ಹೇಳಿದಾಗ ನಾನು ಕೇಳಿಸಿಕೊಂಡಿದ್ದು ಒಂದೇ ಮಾತು, ಒಂದು ಪೆಟ್ಟಿಗೆ ತುಂಬ.

"ಬೀದಿ ನೋಡೋಕೆ ವಿಮಾನ ಯಾಕೆ?" ಎಂದರು ನಮ್ಮ ಮನೆಯವರು. "ಬಾಶೆಟ್ಟಿಹಳ್ಳೀಲಿ ಫ್ಯಾಕ್ಟರಿ ಶಿಫ್ಟ್ ಬಿಡೋ ಹೊತ್ತಿಗೆ ನಿಂತ್ಕೋ. ಬೇಕಾದಷ್ಟು ಬೀದಿ, ಬೇಕಾದಷ್ಟು ಧೂಳು."

ಎಡಿನ್‌ಬರೋ, ಬಸ್ಸು ಮತ್ತು ಶಾಲು

ಮೊದಲ ದಿನ ಬಸ್ಸಿನಲ್ಲಿ ಒಬ್ಬ ದೊಡ್ಡ ಆಳಿನ ಕಾಲು ತುಳಿದೆ. ಕ್ಷಮಿಸಿ ಎಂದವನು ಅವನು. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ, ಬಸ್ಸು ಅವನ ಸ್ವಂತದ್ದೇನೋ ಎಂಬಂತೆ. ಒಬ್ಬರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನಾನೂ ಜೊತೆಗೆ ಬಂದಿದ್ದ ಸುಶೀಲಕ್ಕನೂ ಮಾತಾಡುತ್ತಿದ್ದರೆ ಇಡೀ ಬಸ್ಸಿನಲ್ಲಿ ನಮ್ಮದೇ ರೇಡಿಯೋ.

ಸುಶೀಲಕ್ಕನಿಗೆ ಬೇರೆ ಸಂಕಟ. ಅಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಇಂಗ್ಲಿಷು ಅಲ್ಲಿಯವರ ಬಾಯಲ್ಲಿ ಅವರಿಗೇ ತಿಳಿಯಲಿಲ್ಲ. ಟ್ಯಾಕ್ಸಿಯವನು ಏನೋ ಕೇಳಿದ. ಇವರು ಯೆಸ್ ಎಂದರು. ಅವನು ನಮ್ಮನ್ನು ಬೇರೆ ಯಾವುದೋ ರಸ್ತೆಯಲ್ಲಿ ಇಳಿಸಿ ಹೋದ. ಮಳೆಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಕಲ್ಲುಹಾಸಿನ ಏರಿನಲ್ಲಿ ನಡೆದೆವು.

"ಏನ್ ಕೇಳ್ದ ಅವ್ನು?"

"ಗೊತ್ತಾಗ್ಲಿಲ್ಲ ಕಣೇ."

"ಮತ್ತೆ ಯೆಸ್ ಅಂದ್ರಲ್ಲಕ್ಕ."

"ನೋ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದ."

ಆ ಊರಿನ ಬೀದಿಗಳನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಒಂದು ಅಂಗಡಿಯ ಗಾಜಿನಲ್ಲಿ ಅದೇ ಬೀದಿಯ ಹಳೆಯ ಫೋಟೋ ಇಟ್ಟಿದ್ದರು. ತಿರುಗಿ ನೋಡಿದರೆ ಅದೇ ಕಲ್ಲು, ಅದೇ ಕಿಟಕಿ, ಅದೇ ಹೊಗೆಗೂಡು. ಬದಲಾದದ್ದು ಜನರ ಟೋಪಿ ಮಾತ್ರ. ಅಲ್ಲಿ ಬೀದಿಯ ಫೋಟೋ ಇಟ್ಟುಕೊಳ್ಳುವುದು ಷೋಕಿ. ನಮ್ಮಲ್ಲಿ ಅದನ್ನು ಬಿಟ್ಟರೆ ಬೀದಿ ಇತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಇಲ್ಲ. ನಾನು ಹುಟ್ಟಿದ ಬೀದಿಯಲ್ಲಿ ಈಗ ನಿಂತರೆ ನನಗೇ ನಮ್ಮ ಮನೆ ಯಾವ ಕಡೆ ಇತ್ತೆಂದು ತಿಳಿಯುವುದಿಲ್ಲ. ರಸ್ತೆ ಅಗಲ ಮಾಡುವಾಗ ಎರಡೂ ಕಡೆ ಕೆರೆದುಬಿಟ್ಟರು. ಯಾರೂ ಒಂದು ಫೋಟೋ ತೆಗೆದಿಡಲಿಲ್ಲ, ನಾನೂ ತೆಗೆಯಲಿಲ್ಲ.

ಮಧ್ಯಾಹ್ನ ಬೀದಿ ಬದಿಯ ಸಂತೆಯಲ್ಲಿ ಒಂದು ಉಣ್ಣೆ ಶಾಲು ಹಿಡಿದು, ನೇಯ್ಗೆ ಸಡಿಲ, ಅಂಚು ವಕ್ರ ಎಂದು ಹೇಳಿಸಿದೆ. ಮಾರುವವನು ಶಾಲನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮಡಿಸಿ, ಒಳಗಿಟ್ಟ. ಚೆನ್ನಾಗಿಲ್ಲದ್ದನ್ನು ನಿಮಗೆ ಮಾರುವುದು ತರವಲ್ಲ ಎಂದನಂತೆ. ನಾನು ನಕ್ಕುಬಿಟ್ಟೆ. ನಗುವ ಬದಲು ಅಲ್ಲೇ ನಿಂತು ಸ್ವಲ್ಪ ಯೋಚನೆ ಮಾಡಿದ್ದರೆ ಈ ಬರಹಕ್ಕೆ ಬೇರೆ ಕೊನೆ ಇರುತ್ತಿತ್ತು.

ಮಾರ್ಗರೆಟ್ ಅವರ ಮನೆ

ಕಲ್ಲಿನ ಸುತ್ತು ಮೆಟ್ಟಿಲು ಹತ್ತಿ ಹೋಗಬೇಕು. ಬಾಗಿಲು ತೆರೆದ ಮಾರ್ಗರೆಟ್ ಎತ್ತರದ ಹೆಂಗಸು, ಕೈಯಲ್ಲಿ ಕೋಲು. ಮನೆಯ ಅರ್ಧ ಆಗಲೇ ರಟ್ಟಿನ ಡಬ್ಬಗಳಲ್ಲಿತ್ತು. ಒಂದು ಕಡೆ ಜೊತೆಗೆ ಕೊಂಡೊಯ್ಯುವುದು, ಒಂದು ಕಡೆ ಕೊಟ್ಟುಬಿಡುವುದು. ನಡುವೆ ಮೇಜು, ಮೇಜಿನ ಮೇಲೆ ಆ ಪೆಟ್ಟಿಗೆ. ಅದನ್ನು ಯಾವ ಕಡೆಗೂ ಹಾಕಿರಲಿಲ್ಲ.

ಒಂದೊಂದಾಗಿ ತೆಗೆದು ತೋರಿಸಿದರು. ನಾನು ಇಷ್ಟು ವರ್ಷ ನೋಡಿದ ಫೋಟೋಗಳೆಲ್ಲ ಅವುಗಳ ಮುಂದೆ ಕ್ಯಾಲೆಂಡರು. ದೀಪ ಹಚ್ಚುವ ಹೊತ್ತಿನ ಅಂಗಡಿ ಸಾಲು. ಹೂವಿನ ಬುಟ್ಟಿಗಳ ಹಿಂದೆ ಹೊಗೆ. ಗೋಡೆಗೆ ಒರಗಿ ನಿಂತ ಕೂಲಿಯಾಳು, ಬೆನ್ನು ಮಾತ್ರ. ಒಬ್ಬನೂ ಕ್ಯಾಮೆರಾ ಕಡೆ ನೋಡುತ್ತಿಲ್ಲ. ಇಡೀ ಪೆಟ್ಟಿಗೆಯನ್ನು ಆಗಲೇ ಎತ್ತಿಕೊಂಡು ಹೊರಡಬೇಕು ಅನ್ನಿಸಿತು. ಮುಖದ ಮೇಲೆ ಮಾತ್ರ ಏನೂ ಕಾಣಗೊಡಲಿಲ್ಲ. ನಮ್ಮ ಕಸುಬಿನಲ್ಲಿ ಅದೇ ಮೊದಲ ಪಾಠ.

ಇಲ್ಲಿ ನಮ್ಮ ಪದ್ಧತಿ ಹೇಳಬೇಕು. ನಮ್ಮಲ್ಲಿ ಕೊಳ್ಳಲು ಬಂದವರು ವಸ್ತುವನ್ನು ಹೊಗಳಿದರೆ ಅವರಿಗೆ ಕೊಳ್ಳುವ ಮನಸ್ಸಿಲ್ಲ ಎಂದರ್ಥ. ತೆಗಳಿದರೆ ಬೇಕು ಎಂದರ್ಥ. ಮಾರುವವರಿಗೆ ಅದು ಗೊತ್ತು. ಹೊಸಕೋಟೆಯಲ್ಲಿ ಒಂದು ಮನೆಯಲ್ಲಿ ಪಟಕ್ಕೆ ಗೆದ್ದಲು ಹತ್ತಿದೆ ಎಂದೆ, ಆ ಮನೆಯಾಕೆ "ಗೆದ್ದಲು ನಿಮ್ ಕಣ್ಣಿಗ್ ಹತ್ತಿರ್ಬೇಕು, ನೋಡಿ ಮಾತಾಡಿ" ಎಂದಳು. ಅಲ್ಲಿಂದ ವ್ಯಾಪಾರ ಶುರು. ಇಬ್ಬರಿಗೂ ಮನಸ್ಸಿಗೆ ಏನೂ ಇಲ್ಲ, ಕೊನೆಗೆ ಕಾಫಿ ಕುಡಿದೇ ಬಂದೆ. ಇನ್ನೊಂದು ಪಾಠ, ನಿಮಗೆ ತಿಳಿದದ್ದನ್ನು ಮಾರುವವರಿಗೆ ತಿಳಿಸಬಾರದು.

"ಯಾಕೆ ಇಷ್ಟು ಮಬ್ಬಾಗಿದೆ ಅಂತ ಕೇಳಿ ಅಕ್ಕ. ಕ್ಯಾಮೆರಾ ಅಲ್ಲಾಡಿತ್ತಾ ಅಂತ."

ಸುಶೀಲಕ್ಕ ನನ್ನನ್ನು ನೋಡಿದರು. "ಹಂಗೇ ಕೇಳ್ಲಾ?"

"ಹಂಗೇ ಕೇಳಿ."

ಕೇಳಿದರು. ಮಾರ್ಗರೆಟ್ ಹೌದೆನ್ನುವಂತೆ ತಲೆ ಆಡಿಸಿದರು. ಎದುರು ಮಾತು ಬರಲಿಲ್ಲವಾದ್ದರಿಂದ ನಾನು ಇನ್ನೂ ಹೆಚ್ಚಿಸಿದೆ. ಬಿಸಿಲೇ ಇಲ್ಲ, ಮುಖ ಗುರುತು ಸಿಗುವುದಿಲ್ಲ, ನಮ್ಮ ಊರಿನಲ್ಲಿ ಇದನ್ನು ಯಾರು ಗೋಡೆಗೆ ಹಾಕಿಕೊಳ್ಳುತ್ತಾರೆ. ಸುಶೀಲಕ್ಕ ಒಂದೂ ಬಿಡದೆ, ಒಂದೂ ಮೆದು ಮಾಡದೆ ಹೇಳಿದರು. ಮೇಡಂ ಆಗಿದ್ದವರು. ಹೇಳಿದ್ದನ್ನು ಹೇಳಿದ ಹಾಗೇ ಹೇಳುವುದು ಅವರ ಅಭ್ಯಾಸ. ನಮ್ಮ ಕಡೆಯ ದಲ್ಲಾಳಿ ಆಗಿದ್ದರೆ ಅರ್ಧ ನುಂಗುತ್ತಿದ್ದ.

ಕೊನೆಗೆ ತಳದಲ್ಲಿದ್ದ ಚಿತ್ರವನ್ನು ಮಾರ್ಗರೆಟ್ ಎರಡು ಕೈಯಲ್ಲಿ ಹಿಡಿದು ತೆಗೆದರು. ಬೆಳಗಿನ ಬೀದಿ, ಮಂಜು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸಣ್ಣ ಸಣ್ಣ ಬೆಳ್ಳಗಿನ ಗೆರೆಗಳು, ಎಣಿಸಲಾಗದಷ್ಟು, ದೂರ ಹೋದಂತೆ ಒಂದಾಗಿ ಹೊಳೆಯಾಗಿ ಹರಿದಿವೆ. ಎರಡೂ ಬದಿಗೆ ಬಗ್ಗಿದ ನೆರಳುಗಳು.

ಆ ಗೆರೆಗಳ ಮೇಲೆ ಬೆರಳು ಆಡಿಸುತ್ತ ಮಾರ್ಗರೆಟ್ ಏನೋ ಉದ್ದಕ್ಕೆ ಹೇಳಿದರು. ಸುಶೀಲಕ್ಕ ಕನ್ನಡಕ್ಕೆ ತಂದರು. "ಇದನ್ನ ಅವ್ರಜ್ಜ ಇಲ್ಲೊಂದು ಪ್ರದರ್ಶನಕ್ಕೆ ಕಳ್ಸಿದ್ರಂತೆ. ಫೋಟೋದ ಗಾಜಿನ ಪ್ಲೇಟ್ ಗೀರಿದೆ ಅಂತ ವಾಪಸ್ ಬಂತಂತೆ. ಗೀರಲ್ಲ ಗೀರಲ್ಲ ಅಂತ ಸಾಯೋವರ್ಗೂ ಹಟ ಮಾಡಿದ್ರಂತೆ, ಏನು ಅಂತ ಮಾತ್ರ ಯಾರೂ ಕೂತು ಕೇಳ್ಲಿಲ್ವಂತೆ. ಮನೇಲಿ ಎಲ್ರೂ ನಗ್ತಿದ್ರಂತೆ. ಇದು ಗೀರಾ, ನಿಮ್ ಊರಲ್ಲಿ ಏನಾದ್ರೂ ಇರ್ತಿತ್ತಾ ಅಂತ ಕೇಳ್ತಿದಾರೆ."

ಅದು ಹಾಸು. ಮಗ್ಗಕ್ಕೆ ಏರಿಸುವ ಮುಂಚೆ ಉದ್ದದ ನೂಲನ್ನು ಬೀದಿಯುದ್ದ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಲ್ಲಿ ಉಜ್ಜಿ ಒಣಗಿಸುತ್ತಿದ್ದರು. ಪವರ್‌ಲೂಮ್ ಬರುವ ಮೊದಲು ನಮ್ಮ ಬೀದಿಯಲ್ಲೂ ಹಾಗೇ. ಬೆಳಿಗ್ಗೆ ಹಾಸು ಕಟ್ಟಿದ್ದರೆ ಹಾಲಿನವನ ಸೈಕಲ್ಲೂ ಬಳಸಿಕೊಂಡು ಹೋಗಬೇಕು. ನಮ್ಮಮ್ಮ ಬಗ್ಗಿ ಕುಂಚ ಎಳೆಯುತ್ತಿದ್ದುದು ಆ ನೆರಳುಗಳ ಹಾಗೇ. ಫೋಟೋದವರು ಆ ನೂಲಿನ ಮೇಲೆ ಬೆಳಕು ಬಿದ್ದ ಗಳಿಗೆಯನ್ನೇ ಕಾದು ಹಿಡಿದಿದ್ದರು. ಇಂಥದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

"ಗೀರೇ ಇರ್ಬೇಕು ಅನ್ನಿ" ಎಂದೆ.

ಸುಶೀಲಕ್ಕನ ದನಿ ಇಳಿಯಿತು. "ಅದು ಹಾಸು ಕಣೇ ಜಯಾ. ನಂಗೇ ಗೊತ್ತಾಗ್ತಿದೆ."

"ನಿಮ್ಗೆ ಗೊತ್ತಾದ್ರೆ ಸಾಕು. ಅವ್ರಿಗೆ ಗೊತ್ತಾದ್ರೆ ರೇಟ್ ಏರಿಸ್ತಾರೆ, ಈ ಪೆಟ್ಟಿಗೆ ನಮ್ ಕೈಗೆ ಬರಲ್ಲ. ನಾಳೆ ಕೊಂಡ್ಕೊಂಡ್ ಮೇಲೆ ನಾನೇ ಕೂತು ಎಲ್ಲಾ ಹೇಳ್ತೀನಿ. ಈಗ ಗೀರು ಅನ್ನಿ."

ಅಂದರು. ಮಾರ್ಗರೆಟ್ ಚಿತ್ರವನ್ನು ತಳಕ್ಕಿಟ್ಟು ಮುಚ್ಚಳ ಹಾಕಿದರು. ನಾನು ಎದ್ದೆ. ಎದ್ದು ಹೊರಡುವುದು ನಮ್ಮಲ್ಲಿ ಕೊನೆಯ ಮಾತು. ಹೊಸಲು ದಾಟಿದ ಮೇಲೆ ಹಿಂದಿನಿಂದ ಕೂಗು ಬರಬೇಕು, ಬೀದಿ ಕೊನೆಯವರೆಗೂ ಬರಬಹುದು. ಮಾರ್ಗರೆಟ್ ನನಗೆ ಕೋಟು ತೊಡಿಸಿದರು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಿದರು.

"ಏನಂತೆ?" ಎಂದೆ, ಮೆಟ್ಟಿಲಲ್ಲಿ.

"ಅಷ್ಟು ದೂರದಿಂದ ಬಂದು ನಿಜ ಹೇಳಿದ್ಯಲ್ಲಾ, ಅದಕ್ಕೆ ಥ್ಯಾಂಕ್ಸ್ ಅಂತೆ."

ಮೆಟ್ಟಿಲನ್ನು ನಿಧಾನವಾಗಿ ಇಳಿದೆ. ಕೆಳಗೆ ಬಂದು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತೆ. ಮೇಲೆ ಕಿಟಕಿ ತೆರೆಯಲಿಲ್ಲ.

ಕಾದ ದಿನ

ಮಾರುವವರಿಗೆ ಒಂದು ದಿನ ಕೊಡಬೇಕು, ಮನಸ್ಸು ಹಣ್ಣಾಗಲಿ. ಅದೂ ನಮ್ಮ ಪದ್ಧತಿಯೇ. ಹಾಗಾಗಿ ಮರುದಿನ ನಾವು ಎಲ್ಲಿಗೂ ಫೋನ್ ಮಾಡಲಿಲ್ಲ. ಊರ ನಡುವಿನ ದೊಡ್ಡ ಹುಲ್ಲುಮೈದಾನದಲ್ಲಿ ಕೂತೆವು. ತೆಳ್ಳಗೆ ಬಿಸಿಲು ಬಂದಿತ್ತು, ಜನ ಅದಕ್ಕೇ ಹಬ್ಬದ ಹಾಗೆ ಬಂದು ಹುಲ್ಲಿನ ಮೇಲೆ ಉರುಳಿದ್ದರು. ನಾವು ಬಿಸಿಲಿಗೆ ಬೆನ್ನು ಕೊಟ್ಟು ಕೂತ ಇಬ್ಬರೇ. ಅಲ್ಲಿನ ಬೆಂಚುಗಳ ಮೇಲೆ ಸತ್ತವರ ಹೆಸರು ಕೆತ್ತಿರುತ್ತದೆ, ಅವರಿಗೆ ಈ ಜಾಗ ಇಷ್ಟವಿತ್ತು ಎಂದು. ನಮ್ಮಲ್ಲಿ ಬಸ್ ಸ್ಟಾಪಿನ ಮೇಲೂ ಹೆಸರಿರುತ್ತದೆ, ಬದುಕಿರುವ ಶಾಸಕರದ್ದು, ಫೋಟೋ ಸಮೇತ.

ಅವಲಕ್ಕಿಗೆ ಮೊಸರು ಕಲಸುತ್ತ ಸುಶೀಲಕ್ಕ ಹೇಳಿದರು. "ಆ ಹೆಂಗ್ಸು ಫೋನ್ ಮಾಡಲ್ಲ ಜಯಾ."

"ಮಾಡ್ತಾರೆ. ನೋಡ್ತಾ ಇರಿ."

"ಅವ್ರಿಗೆ ನಿನ್ ಮಾತು ಚೌಕಾಸಿ ಅಂತ ತಿಳೀಲೇ ಇಲ್ಲ. ತೀರ್ಪು ಅಂದ್ಕೊಂಡ್ರು."

"ನೀವು ಅಷ್ಟು ನೀಟಾಗಿ ಯಾಕ್ ಹೇಳ್ಬೇಕಿತ್ತು? ಒಂದೆರಡು ನುಂಗ್ಬಹುದಿತ್ತಲ್ಲ."

"ನಿನ್ ಬಾಯಿಂದ ಬಂದಿದ್ದನ್ನ ನಾನ್ಯಾಕೆ ನುಂಗ್ಲಿ? ಹಂಗೇ ಕೇಳಿ ಅಂದವ್ಳು ಯಾರು?"

ಅವರ ಮೇಲೆ ನನಗೆ ಕೋಪ ಬಂತು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನೂ ಹೆಚ್ಚು ಬಂತು. ಸಂಜೆಯವರೆಗೂ ಫೋನ್ ಬರಲಿಲ್ಲ.

ದಾನದ ಅಂಗಡಿ

ಮಾರನೆಯ ಬೆಳಿಗ್ಗೆ ನಾವೇ ಹೋದೆವು. ಮೆಟ್ಟಿಲಲ್ಲಿ ಇಬ್ಬರು ಆಳುಗಳು ಒಂದು ಸೋಫಾ ಇಳಿಸುತ್ತಿದ್ದರು. ಮೇಲೆ ಮೇಜು ಖಾಲಿ ಇತ್ತು. ಪೆಟ್ಟಿಗೆ ಎಲ್ಲಿ ಎಂದು ಕೇಳುವ ಮೊದಲೇ ನನ್ನ ಕಣ್ಣು ಕೇಳಿತ್ತು.

ಕೊಟ್ಟುಬಿಟ್ಟಿದ್ದರು. ಅಲ್ಲಿ ದಾನದ ಅಂಗಡಿಗಳಿವೆ. ಮನೆಯಲ್ಲಿ ಬೇಡವಾದದ್ದನ್ನು ಜನ ಪುಕ್ಕಟೆ ಕೊಡುತ್ತಾರೆ, ಅಂಗಡಿಯವರು ಮಾರಿ ಬಂದದ್ದನ್ನು ಒಳ್ಳೆಯ ಕೆಲಸಕ್ಕೆ ಹಾಕುತ್ತಾರೆ. ನಿನ್ನೆ ಅವರ ಗಾಡಿ ಬಂದಾಗ ಬಟ್ಟೆ, ಪಾತ್ರೆ, ಕಟ್ಟುಗಳ ಜೊತೆ ಪೆಟ್ಟಿಗೆಯನ್ನೂ ಏರಿಸಿದರಂತೆ. ಇಷ್ಟು ವರ್ಷ ನಿರ್ಧಾರ ಮಾಡಲಾಗದೆ ಇಟ್ಟುಕೊಂಡಿದ್ದೆ, ನೀವು ಬಂದು ಹೇಳಿದ್ದರಿಂದ ಮನಸ್ಸು ಹಗುರಾಯಿತು ಎಂದರು. ಹೊಸ ಕೋಣೆಯಲ್ಲಿ ಹೇಗೂ ಜಾಗವಿಲ್ಲ.

"ಆ ಅಂಗಡಿ ಎಲ್ಲಿ ಅಂತ ಕೇಳಿ ಅಕ್ಕ."

"ಕೆಟ್ಟ ಚಿತ್ರ ನಿಂಗ್ಯಾಕೆ ಅಂತ ಕೇಳಿದ್ರೆ?"

"ಹಳೇ ಕಟ್ಟು ನೋಡ್ತೀನಿ ಅನ್ನಿ. ನಂದು ಕಟ್ಟಿನ ವ್ಯಾಪಾರ ತಾನೆ."

ಮಾರ್ಗರೆಟ್ ದಾರಿ ಹೇಳಿ, ಹೋಗಿ ಬನ್ನಿ, ಕೆಟಲ್ ಇನ್ನೂ ಡಬ್ಬಕ್ಕೆ ಹಾಕಿಲ್ಲ, ಚಹಾ ಮಾಡಿಟ್ಟಿರುತ್ತೇನೆ ಎಂದರು.

ಇಳಿಜಾರಿನಲ್ಲಿ ಸೀರೆ ಎತ್ತಿ ಹಿಡಿದು ಓಡಿದೆ. ಅಂಗಡಿಯಲ್ಲಿ ಹಳೆಯ ಕೋಟುಗಳ ವಾಸನೆ. ಗಲ್ಲಾದಲ್ಲಿದ್ದ ಹೆಂಗಸು ನಗುನಗುತ್ತ ವಿಷಯ ಹೇಳಿದಳು. ಸುಶೀಲಕ್ಕ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡು ನನಗೆ ಹೇಳಿದರು. ಪೆಟ್ಟಿಗೆ ನಿನ್ನೆಯೇ ಹೋಯಿತು. ಒಬ್ಬ ಗಂಡಸು, ಸೈಕಲ್ಲಿನವನು, ಜೇಬಿನಿಂದ ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದ. ಆಮೇಲೆ, ಮಬ್ಬಾಗಿವೆ, ಒಂದರಲ್ಲಿ ಗೀರಿವೆ, ಇಷ್ಟು ಯಾಕೆ ಕೊಡಲಿ ಎಂದ. ಹೌದು, ಕೊಟ್ಟವರೂ ಅದೇ ಹೇಳಿದರು, ಆ ಊರಿನವರೇ ಬಂದು ನೋಡಿ ಕೆಟ್ಟಿವೆ ಎಂದರಂತೆ ಎಂದು ಇವಳು ಹೇಳಿದಳು. ಕಡಿಮೆ ಮಾಡಿಸಿಕೊಂಡು ಪೂರಾ ಪೆಟ್ಟಿಗೆ ಎತ್ತಿಕೊಂಡು ಹೋದ. ಹೆಸರು ಗೊತ್ತಿಲ್ಲ. ರಸೀದಿ ಬೇಡ ಎಂದ.

ಅಲ್ಲಿಯವರಿಗೆ ಚೌಕಾಸಿ ಗೊತ್ತಿಲ್ಲ ಎಂದು ನಂಬಿಕೊಂಡು ಯಾರಾದರೂ ಹೋಗುವುದಾದರೆ ನನ್ನ ಸಲಹೆ ಇಷ್ಟೆ, ನಂಬಬೇಡಿ. ಗೊತ್ತಿರುವವರಿಗೆ ಗೊತ್ತಿದೆ. ಆ ಆಟ ಯಾರ ಮುಂದೆ ಆಡಬೇಕು, ಯಾರ ಮುಂದೆ ಆಡಬಾರದು ಎನ್ನುವುದೂ ಅವರಿಗೆ ಗೊತ್ತಿದೆ. ಆ ಸೈಕಲ್ಲಿನವನು ಅದನ್ನು ಗಲ್ಲಾದ ಮುಂದೆ ಆಡಿದ. ನಾನು ಅಜ್ಜನ ನೆನಪು ಹಿಡಿದು ಕೂತಿದ್ದ ಹೆಂಗಸಿನ ಮುಂದೆ ಆಡಿದೆ.

ಮತ್ತೆ ಆ ಮೆಟ್ಟಿಲು

ಚಹಾಕ್ಕೆ ವಾಪಸ್ ಹೋಗುವುದು ಬೇಡ ಎಂದೆ. ಸುಶೀಲಕ್ಕ ಕೇಳಲಿಲ್ಲ. "ಆ ಹೆಂಗ್ಸು ಬಟ್ಲು ಇಟ್ಕೊಂಡು ಕಾಯ್ತಾ ಕೂತಿರ್ತಾರೆ. ನೀನು ಬರ್ದಿದ್ರೆ ನಾನೊಬ್ಳೇ ಹೋಗ್ತೀನಿ" ಎಂದು ಮುಂದೆ ನಡೆದರು.

ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿದೆ. ಹಾಸು ಎಂದರೇನು ಎಂದು ಹೇಳಬೇಕು, ನಮ್ಮಮ್ಮನ ಕುಂಚದ ವಿಷಯ ಹೇಳಬೇಕು, ನಿಮ್ಮ ಅಜ್ಜ ಹೇಳಿದ್ದೇ ನಿಜ, ಉಳಿದವರೆಲ್ಲ ಕುರುಡರು ಎಂದು ಹೇಳಬೇಕು.

ಸೋಫಾ ಹೋಗಿದ್ದರಿಂದ ಡಬ್ಬಗಳ ಮೇಲೆ ಕೂತೆವು. ಕಟ್ಟು ಸಿಕ್ಕಿತೇ ಎಂದು ಕೇಳಿದರು. ಇಲ್ಲ, ಎಲ್ಲ ಮಾರಿಹೋಗಿದೆ, ಚಿತ್ರಗಳೂ ಹೋಗಿವೆ ಎಂದರು ಸುಶೀಲಕ್ಕ. ಯಾರಾದರೂ ಕೊಂಡರಲ್ಲ, ಒಳ್ಳೆಯದಾಯಿತು ಎಂದ ಮಾರ್ಗರೆಟ್, ಚಹಾ ಬಗ್ಗಿಸುತ್ತಿದ್ದವರು ಕೆಟಲ್ ಕೆಳಗಿಟ್ಟು ನನ್ನ ಕಡೆಗೇ ತಿರುಗಿ ಮಾತಾಡಿದರು.

"ಎರಡು ದಿನದಿಂದ ಒಂದೇ ಯೋಚ್ನೆಯಂತೆ" ಎಂದರು ಸುಶೀಲಕ್ಕ. "ಚಿತ್ರ ಹೋಯ್ತು, ಇನ್ನು ಅದರ ಮಾತಿಲ್ಲ. ಆದ್ರೂ ಕೇಳ್ತಿದೀನಿ, ಆ ಗೆರೆಗಳು ನಿಜವಾಗ್ಲೂ ಗೀರೇನಾ ಅಂತ. ಅಜ್ಜ ಅಷ್ಟು ಹಟ ಮಾಡಿದ್ರಲ್ಲ, ನಾನು ಅವಸರಪಟ್ಟು ಕೊಟ್ಬಿಟ್ನೇನೋ ಅಂತ ಭಯ ಆಗ್ತಿದೆ ಅಂತೆ."

ಜೋಡಿಸಿದ್ದ ಮಾತೆಲ್ಲ ಬಾಯಿಗೆ ಬಂತು. ಹೇಳಿದರೆ ಅಜ್ಜ ಗೆಲ್ಲುತ್ತಾರೆ. ಮೊಮ್ಮಗಳು ಆ ಒಂದು ಕೋಣೆಯಲ್ಲಿ ಉಳಿದಷ್ಟು ದಿನವೂ, ಅಜ್ಜನ ಆ ಗೆಲುವನ್ನು ತನ್ನ ಕೈಯಾರೆ ಹಳೆಯ ಬಟ್ಟೆಗಳ ಜೊತೆ ಗಾಡಿಗೆ ಏರಿಸಿದೆ ಎಂದು ನೆನೆಯುತ್ತ ಕೂರಬೇಕು. ಆ ಚಿತ್ರ ಇನ್ನು ಯಾರಿಗೂ ವಾಪಸ್ ಬರುವುದಿಲ್ಲ.

"ಏನ್ ಹೇಳ್ಲಿ?" ಎಂದರು ಸುಶೀಲಕ್ಕ. ಆ ಪ್ರಶ್ನೆಯನ್ನು ಅವರು ಅಷ್ಟು ಮೆಲ್ಲಗೆ ಕೇಳಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಗೀರು ಅನ್ನಿ."

ಅವರು ನನ್ನ ಮುಖ ನೋಡಿದರು. ನುಂಗಲೂ ಇಲ್ಲ, ಸೇರಿಸಲೂ ಇಲ್ಲ, ಹೇಳಿದರು. ಮಾರ್ಗರೆಟ್ ಅವರ ಭುಜ ಇಳಿಯಿತು. ಹಾಗಾದರೆ ನಾನೇನೂ ಕಳೆದುಕೊಳ್ಳಲಿಲ್ಲ ಎಂದರು. ಕೆಟಲ್ ಎತ್ತಿಕೊಂಡು, ಪಾಪ ನಮ್ಮಜ್ಜ, ಸುಮ್ಮನೆ ಹಟ ಮಾಡಿದರು ಎಂದು ನಕ್ಕು, ಮೊದಲು ನನ್ನ ಬಟ್ಟಲಿಗೆ ಬಗ್ಗಿಸಿದರು.